ಲಿಂಕ್ ಅಪ್ ಇದೆ, ಆದ್ರೂ ಸ್ಲೋ

ನಮ್ಮೂರು ಹನೂರಿನ ಕಡೆ. ಮಾದಪ್ಪನ ಬೆಟ್ಟಕ್ಕೆ ಹೋದವರು ಅಲ್ಲಿನ ಅಂಗಡಿಯವರನ್ನು ಗಮನಿಸಿರಬಹುದು. ಭಕ್ತರು ಕೊಳ್ಳೇಗಾಲದ ಕಡೆಯಿಂದಲೂ ಬರ್ತಾರೆ, ಪಾಲಾರ್ ದಾಟಿ ಮೇಟೂರಿನ ಕಡೆಯಿಂದಲೂ ಬರ್ತಾರೆ. ಕಾಯಿ-ಕರ್ಪೂರ ಮಾರೋ ಅಕ್ಕ ಮೊದಲು ‘ಬನ್ನಿ’ ಅಂತಾರೆ, ಉತ್ತರ ತಮಿಳಲ್ಲಿ ಬಂದ್ರೆ ‘ವಾಂಗ’ ಅಂತಾರೆ. ಎರಡೇ ಮಾತಲ್ಲಿ ಇಬ್ಬರಿಗೂ ಬರುವ ಭಾಷೆ ಗೊತ್ತಾಗಿ ವ್ಯಾಪಾರ ಶುರು.

ನೆಟ್‌ವರ್ಕ್ ಕಾರ್ಡೂ ಸ್ವಿಚ್ಚೂ ಮಾಡೋದು ಇದನ್ನೇ. ಕೇಬಲ್ ಹಾಕಿದ ಕೂಡಲೇ ‘ನನಗೆ 10, 100, 1000 ಬರುತ್ತೆ’ ಅಂತ ಎರಡೂ ಹೇಳಿಕೊಳ್ತವೆ. ಇಬ್ಬರಿಗೂ ಬರೋದರಲ್ಲಿ ಎಲ್ಲಕ್ಕಿಂತ ವೇಗದ್ದಕ್ಕೆ ಒಪ್ಪಿಕೊಳ್ತವೆ. ಇದೇ ಆಟೋ ನೆಗೋಶಿಯೇಶನ್. 1995ರಲ್ಲಿ 100 ಎಂಬಿಪಿಎಸ್ ಈಥರ್ನೆಟ್‌ ಸ್ಟ್ಯಾಂಡರ್ಡ್ ಜೊತೆಗೇ ಬಂದದ್ದು. ಒಂದು ಕಡೆಯವರು ಬಾಯಿ ಮುಚ್ಚಿಕೊಂಡರೆ ಏನಾಗುತ್ತೆ ಅನ್ನೋದೇ ನನ್ನ ಕಥೆ.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಸರ್ವರ್ ಒಂದನ್ನು ಬೇರೆ ರ‍್ಯಾಕಿಗೆ ಸಾಗಿಸಿದರು. ಅವತ್ತಿಂದ ರಾತ್ರಿಯ ಬ್ಯಾಕಪ್ ಬೆಳಗಾದರೂ ಮುಗೀತಿರಲಿಲ್ಲ. ಪಿಂಗ್ ಸರಿಯಾಗಿದೆ, ಲಿಂಕ್ ಲೈಟು ಹಸಿರು. ಹಾಗಾದ್ರೆ ನೆಟ್‌ವರ್ಕ್ ಸರಿ, ಸ್ಕ್ರಿಪ್ಟೇ ಕೆಟ್ಟಿದೆ ಅಂತ ತೀರ್ಮಾನ ಆಯ್ತು. ಸ್ಕ್ರಿಪ್ಟ್ ನೋಡಿಕೊಳ್ತಿದ್ದವನು ಕಾಂಟ್ರ್ಯಾಕ್ಟ್ ಹುಡುಗ. ಎಸ್ಕಲೇಶನ್ ಮೇಲ್‌ನಲ್ಲಿ ಅವನ ಹೆಸರು, ಮುಂದಿನ ತಿಂಗಳೇ ಅವನ ರಿನ್ಯೂವಲ್. ‘ಸಾರ್, ಒಂದು ಲೈನೂ ಮುಟ್ಟಿಲ್ಲ ಸಾರ್’ ಅಂದ.

ಇಬ್ಬರೂ ಕೂತು ಇಥರ್‌ಟೂಲ್ ಓಡಿಸಿದ್ವಿ. ಸ್ಪೀಡ್ 100, ಡುಪ್ಲೆಕ್ಸ್ ಹಾಫ್. ಇದ್ದದ್ದು ಗಿಗಾಬಿಟ್ ಕಾರ್ಡು! ಆ ಕಡೆ ಸ್ವಿಚ್ ಪೋರ್ಟನ್ನು ಯಾವುದೋ ಹಳೇ ಮಷೀನಿಗೆ ಅಂತ 100 ಫುಲ್‌ಗೆ ಫಿಕ್ಸ್ ಮಾಡಿಟ್ಟಿದ್ದರು. ಹೀಗೆ ಫಿಕ್ಸ್ ಆದ ಪೋರ್ಟ್ ಮಾತೇ ಆಡೋದಿಲ್ಲ. ಸರ್ವರ್ ಸಿಗ್ನಲ್ ನೋಡಿ ವೇಗ 100 ಅಂತ ಕಂಡುಕೊಳ್ಳುತ್ತೆ, ಡುಪ್ಲೆಕ್ಸ್ ತಿಳಿಯೋಕೆ ದಾರಿ ಇಲ್ಲ. ಆಗ ಹಾಫ್ ಅಂತಲೇ ಇಟ್ಟುಕೊಳ್ಳಬೇಕು, ಅದು ರೂಲ್.

ಬೆಟ್ಟದ ತಿರುವು ನೆನೆಸಿಕೊಳ್ಳಿ. ಒಂದು ಬಸ್ಸಿನವನು ಎದುರಿನವರು ಹೋಗಲಿ ಅಂತ ಕಾಯ್ತಾನೆ, ಇನ್ನೊಬ್ಬ ಡಬಲ್ ರೋಡು ಅಂದುಕೊಂಡು ನುಗ್ತಾನೆ. ಪಿಂಗ್ ಥರ ಆಗೊಂದು ಈಗೊಂದು ಗಾಡಿ ಇದ್ದರೆ ತೊಂದರೆ ಇಲ್ಲ. ಬ್ಯಾಕಪ್ ಅಂದ್ರೆ ಜಾತ್ರೆ ದಿನದ ಟ್ರಾಫಿಕ್ಕು. ನೋಡಿದರೆ ಸರ್ವರ್ ಕಡೆ ಲೇಟ್ ಕೊಲಿಶನ್, ಸ್ವಿಚ್ ಕಡೆ ಸಿಆರ್‌ಸಿ ಎರರ್, ಎರಡೂ ಏರ್ತಾ ಇದ್ದವು. 500 ಜಿಬಿ ಕಳಿಸೋಕೆ ಗಿಗಾಬಿಟ್‌ನಲ್ಲಿ ಲೆಕ್ಕದ ಪ್ರಕಾರ ಒಂದು ಗಂಟೆ ಚಿಲ್ಲರೆ, ಸರಿಯಾದ 100ರಲ್ಲೇ 11 ಗಂಟೆ. ಹೀಗೆ ಡಿಕ್ಕಿ ಹೊಡೀತಾ ಇದ್ದರೆ ಕೇಳೋದೇ ಬೇಡ.

ಪೋರ್ಟನ್ನು ಆಟೋಗೆ ಹಾಕಿಸಿದ್ವಿ. 1000, ಫುಲ್. ಅವತ್ತು ರಾತ್ರಿ ಬ್ಯಾಕಪ್ ಹೊತ್ತಿಗೆ ಸರಿಯಾಗಿ ಮುಗೀತು. ಅದೇ ಮೇಲ್‌ಗೆ ರಿಪ್ಲೈ ಆಲ್ ಹೊಡೆದು ಹಿಂದಿನ, ಈಗಿನ ಔಟ್‌ಪುಟ್ ಎರಡನ್ನೂ ಹಾಕಿದೆ. ಯಾರೂ ಸಾರಿ ಅನ್ನಲಿಲ್ಲ. ಹುಡುಗನ ರಿನ್ಯೂವಲ್ ಮಾತ್ರ ಆಯ್ತು.

ನಿಮಗೂ ಇಂಥದ್ದು ಬರಬಹುದು. ಎರಡೂ ತುದಿ ಆಟೋ ಇರಲಿ, ಇಲ್ಲ ಎರಡೂ ಫಿಕ್ಸ್ ಇರಲಿ. ತಾಮ್ರದ ಕೇಬಲ್‌ನ ಗಿಗಾಬಿಟ್‌ಗೆ ನೆಗೋಶಿಯೇಶನ್ ಕಡ್ಡಾಯ, ಅಲ್ಲಿ ಆಟೋನೇ ಸರಿ. ಎರಡೂ ಆಟೋ ಇದ್ದು 100ಕ್ಕೇ ನಿಂತರೆ ಕೇಬಲ್ ಬದಲಾಯಿಸಿ ನೋಡಿ: 100ಕ್ಕೆ 4 ತಂತಿ ಸಾಕು, ಗಿಗಾಬಿಟ್‌ಗೆ 8 ತಂತಿಯೂ ಬೇಕು. ಮೇಲ್‌ನಲ್ಲಿ ಯಾರದೋ ಹೆಸರು ಟೈಪ್ ಮಾಡೋದು ಇಷ್ಟೆಲ್ಲ ಆದಮೇಲೆ. ಈ ಚೆಕ್ಕಿಗೆ ಐದು ನಿಮಿಷ ಸಾಕು, ಆ ಮೇಲ್‌ನಿಂದ ಹೋಗೋದು ಒಬ್ಬನ ಕೆಲಸ.