ತಾನಾಗಿ ತೆರೆಯುವ ಬಾಗಿಲು

ಮೂಡಲಗಿ ಸೀಮೆಯಲ್ಲಿ ಘಟಪ್ರಭೆಯ ಕಾಲುವೆ ಕಂಡಾಗಲೆಲ್ಲ ನನಗೆ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪಾಗುತ್ತದೆ. ಈ ಸೀಮೆ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲೇ ಅವರು 1884ರಲ್ಲಿ ಇಂಜಿನಿಯರ್ ಕೆಲಸಕ್ಕೆ ನಿಂತದ್ದು. 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಅಣೆಕಟ್ಟಿಗೆ ತಾವೇ ಕಂಡುಹಿಡಿದ ಬಾಗಿಲುಗಳನ್ನು ಕೂಡಿಸಿದರು. ನೀರು ಮಿತಿ ಮೀರಿದರೆ ಅವು ತಾವಾಗಿ ತೆರೆಯುತ್ತವೆ. ಇಳಿದರೆ ತಾವಾಗಿ ಮುಚ್ಚುತ್ತವೆ.

1912ರಲ್ಲಿ ಅವರು ಮೈಸೂರಿನ ದಿವಾನರಾದರು. ಬ್ರಾಹ್ಮಣೇತರರು ಸರಕಾರಿ ನೌಕರಿಯಲ್ಲಿ ಪಾಲು ಕೇಳಿದಾಗ, ಯೋಗ್ಯತೆಯೇ ಅಳತೆಯಾಗಬೇಕೆಂಬ ನಿಲುವು ಅವರದು. 1918ರಲ್ಲಿ ಅಧಿಕಾರ ಬಿಟ್ಟು ಹೊರಟರು. ಕುರ್ಚಿಗೆ ಅಂಟದ ಆ ಮನಸ್ಸಿಗೆ ಕೈಮುಗಿಯುತ್ತೇನೆ. ಆದರೆ ಕಾಲುವೆಯ ಕೊನೆಯ ಹೊಲದವನ ಕಣ್ಣಿನಿಂದ ನೋಡಿದರೆ ಆ ನಿಲುವನ್ನು ಒಪ್ಪಲಾರೆ. ಮೇಲೆ ತುಂಬಿದಾಗ ಕೆಳಗೆ ಬಿಟ್ಟುಕೊಡಬೇಕೆಂಬುದನ್ನು ಅವರು ಮಾಡಿದ ಬಾಗಿಲೇ ಬಲ್ಲದಲ್ಲ!