ಬಂಡಿ ಕೆಳಗಿನ ನಾಯಿ

ನಮ್ಮ ಮನೆಯಲ್ಲಿ ತಿರುಗಾಟದ ಸುದ್ದಿ ಮೊದಲು ತಿಳಿಯುವುದು ನಾಯಿಗಳಿಗೆ. ಹೊರಡುವ ಎರಡು ದಿನ ಮುಂಚೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎಂದಿಗಿಂತ ಒಂದು ತಾಸು ಹೆಚ್ಚಿಗೆ ಕೇಳುತ್ತದೆ. ತೆಳ್ಳಗೆ ಬಡಿದ ಜೋಳದ ರೊಟ್ಟಿ ಹಂಚಿನಿಂದ ಇಳಿದು ಒಲೆಯ ಬದಿಗೆ ಒರಗಿ ನಿಂತು ಕಟಕ್ ಅನ್ನುವಷ್ಟು ಒಣಗಬೇಕು. ಹಾಗೆ ಒಣಗಿದ ರೊಟ್ಟಿ ವಾರಗಟ್ಟಲೆ ಕೆಡದು. ಆ ಸಪ್ಪಳ ಕಿವಿಗೆ ಬಿದ್ದದ್ದೇ ತಡ, ನಮ್ಮ ಚಿಗರಿ ಮತ್ತು ಕಾಳ್ಯಾ ಎದ್ದು ಹೋಗಿ ವ್ಯಾನಿನ ಬಾಗಿಲ ಮುಂದೆ ಕೂಡುತ್ತವೆ. ಎರಡು ದಿನ ಅಲ್ಲಿಂದ ಏಳುವುದಿಲ್ಲ.

ವ್ಯಾನ್ ಅಂದರೆ ಹಳೆಯ ಮಾರುತಿ ಓಮ್ನಿ. 1984ರಲ್ಲಿ ಬಂದು 2019ರಲ್ಲಿ ನಿಂತುಹೋದ ಈ ಡಬ್ಬಿಯಲ್ಲಿ ನಮ್ಮ ಸೀಮೆಯ ಎಷ್ಟು ಬಾಣಂತಿಯರು, ಎಷ್ಟು ಬೀಗರು, ಎಷ್ಟು ಟೊಮೆಟೊ ಟ್ರೇಗಳು ಓಡಾಡಿವೆಯೋ ಲೆಕ್ಕವಿಟ್ಟವರಿಲ್ಲ. ನನ್ನದು ಕುಡಚಿಯಲ್ಲಿ ಹನ್ನೊಂದು ವರ್ಷ ಗೊಬ್ಬರದ ಚೀಲ ಹೊತ್ತ ಗಾಡಿ. ಹಿಂದಿನ ಸೀಟು ಕಿತ್ತು, ಬಡಿಗೇರ ಮಾಮಾನಿಂದ ಪ್ಲೈವುಡ್ಡಿನ ಮಂಚ ಮಾಡಿಸಿದೆ. ಮಂಚದ ಕೆಳಗೆ ಮೂರು ಖಾನೆ: ಒಂದರಲ್ಲಿ ಸಣ್ಣ ಸಿಲಿಂಡರು ಮತ್ತು ಪಾತ್ರೆ, ಒಂದರಲ್ಲಿ ಕೌದಿ, ಕಂಬಳಿ, ಇನ್ನೊಂದರಲ್ಲಿ ನಾಯಿಗಳ ಸಂಸಾರ. ನೀರಿಗೆ ಇಪ್ಪತ್ತು ಲೀಟರಿನ ಕ್ಯಾನು. ಜರ್ಮನಿಯಲ್ಲಿ 1951ರಿಂದ ವೆಸ್ಟ್‌ಫಾಲಿಯಾ ಎಂಬ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಮಂಚ, ಕಪಾಟು ಕೂಡಿಸಿ ಮನೆಗಾಡಿ ಮಾಡಿ ಮಾರಿತಂತೆ. ನಮ್ಮ ಮಾಮಾ ಆ ಹೆಸರು ಕೇಳಿದವನಲ್ಲ. ಆದರೆ ಮಂಚದ ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿಕೊಟ್ಟ. "ನಾಯಿ ಮೈ ತಿಕ್ಕತಾವು, ಚುಚ್ಚಬಾರದು" ಅಂದ.

ಓಮ್ನಿಯ 796 ಸಿ.ಸಿ. ಎಂಜಿನ್ನು ಇರುವುದು ಮುಂದಿನ ಸೀಟುಗಳ ಕೆಳಗೆ. ಬೇಸಿಗೆಯಲ್ಲಿ ಅದು ಕುಂಡಿ ಸುಡುವ ಶಿಕ್ಷೆ. ಮಾಘದ ಚಳಿಯಲ್ಲಿ ಮಾತ್ರ ಆ ಎಡಗಡೆಯ ಸೀಟಿನಂಥ ಜಾಗ ಲೋಕದಲ್ಲಿಲ್ಲ. ಅಲ್ಲಿ ಚಿಗರಿ ಮಲಗುತ್ತಾಳೆ. ನನ್ನಾಕೆ ನಮ್ಮೊಡನೆ ಬರದಿರುವುದಕ್ಕೆ ಇದೂ ಒಂದು ಕಾರಣ.

ಚಿಗರಿ ಮುಧೋಳ ಜಾತಿಯವಳು. ಕೋಲಿನಂಥ ಕಾಲು, ಒಳಕ್ಕೆ ಹೋದ ಹೊಟ್ಟೆ, ಅಪರಿಚಿತರು ಮುಟ್ಟಿದರೆ ಮೈ ಕುಗ್ಗಿಸುವ ಬಿಗುಮಾನ. ಮುಧೋಳದ ಘೋರ್ಪಡೆ ರಾಜರು ಸಾಕಿ ಹೆಸರು ತಂದ ಈ ನಾಯಿಗೆ ಅಂಚೆ ಇಲಾಖೆ 2005ರಲ್ಲಿ ಸ್ಟಾಂಪಿನ ಮರ್ಯಾದೆ ಕೊಟ್ಟಿದೆ. ನನಗೆ ಹೆಚ್ಚು ಇಷ್ಟವಾಗುವುದು ಅದರ ಇನ್ನೊಂದು ಹೆಸರು. ನಯವಾದ ಕೂದಲಿನ ತಳಿಗೆ ಹಳ್ಳಿಯವರು ಕಾರವಾನಿ ಅನ್ನುತ್ತಾರೆ. ವ್ಯಾಪಾರಿಗಳ ಕಾರವಾನಿನ ಜೊತೆ ನಡೆದು ಬಂದ ನಾಯಿ ಎಂದು ಅರ್ಥ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಫ್ತರದಲ್ಲಿಯೂ ಅದು ಕಾರವಾನ್ ಹೌಂಡ್. ಈಗ ಶಹರದ ಹುಡುಗರು ಮಲಗುವ ಗಾಡಿಗೆ ಕ್ಯಾರವಾನ್ ಅನ್ನುತ್ತಾರಲ್ಲ, ಅದೂ ಅದೇ ಶಬ್ದ. ನಾಯಿ ಮತ್ತು ಗಾಡಿ ಒಂದೇ ಹೆಸರಿನವು ಎಂದು ನನ್ನಾಕೆಗೆ ವಿವರಿಸಿದೆ. "ಅಲ್ರೀ, ಹೆಸರ ಕೂಡೇತಂತ ಮದವೀನೂ ಮಾಡ್ತೀರೇನು?" ಅಂದಳು.

ಕಾಳ್ಯಾನಿಗೆ ಜಾತಿಯಿಲ್ಲ. ಕಬ್ಬು ಕಡಿಯಲು ಬೀಡ ಕಡೆಯಿಂದ ಬಂದ ಗ್ಯಾಂಗಿನವರು ನಮ್ಮ ಹೊಲದ ಬದುವಿನಲ್ಲಿ ಗುಡಿಸಲು ಹಾಕಿದ್ದರು. ಕಾರ್ಖಾನೆ ನಿಂತು ಅವರು ಊರಿಗೆ ಹೊರಟ ದಿನ ಮರಿ ಎಲ್ಲಿಯೋ ಮಲಗಿತ್ತು, ಹಿಂದೆ ಉಳಿಯಿತು. ಬಂಡಿಯ ಜೊತೆ ಹುಟ್ಟಿದ ನಾಯಿ ಅದು. ಈಗಲೂ ಚಕ್ಕಡಿ ಕಂಡರೆ ಓಡಿಹೋಗಿ ಅಚ್ಚಿನ ಕೆಳಗೆ ಸೇರಿಕೊಂಡು ನಡೆಯುತ್ತದೆ. ಬಂಡಿ ಕೆಳಗಿನ ನಾಯಿ ತಾನೇ ಬಂಡಿ ಎಳೆಯುತ್ತೇನೆ ಅಂದುಕೊಂಡಿತಂತೆ ಎಂಬ ಗಾದೆಯನ್ನು ನಾವೆಲ್ಲ ಯಾರನ್ನೋ ಹಂಗಿಸಲು ಬಳಸುತ್ತೇವೆ. ಕಾಳ್ಯಾನ ಮುಖ ನೋಡಿದ ಮೇಲೆ ನನಗೆ ಹಾಗೆ ಹಂಗಿಸುವ ಧೈರ್ಯ ಬಂದಿಲ್ಲ. ಅಷ್ಟು ಜವಾಬ್ದಾರಿ ಆ ಮುಖದಲ್ಲಿ.

ಅಮೆರಿಕದ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಚಾರ್ಲಿ ಎಂಬ ಪೂಡಲ್ ನಾಯಿಯನ್ನು ಕರೆದುಕೊಂಡು, ಮನೆ ಕಟ್ಟಿಸಿದ ಟ್ರಕ್ಕಿನಲ್ಲಿ ತನ್ನ ದೇಶ ಸುತ್ತಿ ಬಂದು ಪುಸ್ತಕ ಬರೆದ. ಟ್ರಕ್ಕಿಗೆ ಡಾನ್ ಕಿಹೋಟೆಯ ಕುದುರೆಯ ಹೆಸರಿಟ್ಟಿದ್ದ, ರೋಸಿನಾಂಟೆ. ಅಷ್ಟು ದೊಡ್ಡ ಯೋಜನೆ ನನ್ನದಲ್ಲ. ಎರಡು ರಾತ್ರಿ, ಎರಡು ದೇವರು. ಕೃಷ್ಣೆ ದಾಟಿ ಮಂಗಸೂಳಿಯ ಮಲ್ಲಯ್ಯ, ಅಲ್ಲಿಂದ ಕಾಗವಾಡ, ಗಣೇಶವಾಡಿ, ಕುರುಂದವಾಡ ಹಾದು ಪಂಚಗಂಗೆ ಕೃಷ್ಣೆಗೆ ಕೂಡುವಲ್ಲಿನ ನರಸೋಬಾನ ವಾಡಿ. ಮಲ್ಲಯ್ಯನಿಗೆ, ಅಂದರೆ ಖಂಡೋಬಾನಿಗೆ, ಕುದುರೆಯ ಜೊತೆ ನಾಯಿ ಉಂಟು. ಅವನ ಭಕ್ತರಾದ ವಗ್ಗಯ್ಯಗಳು ನಾಯಿಯಂತೆ ಬೊಗಳುತ್ತ ಸೇವೆ ಮಾಡುತ್ತಾರೆ. ವಾಡಿಯ ದತ್ತನ ಸುತ್ತ ನಾಲ್ಕು ನಾಯಿ, ನಾಲ್ಕೂ ವೇದಗಳಂತೆ. ನಾಯಿ ಸಾಕಿದ ದೇವರುಗಳನ್ನು ನಾಯಿ ಸಾಕಿದವನು ನೋಡಿಬರುವುದು ಮರ್ಯಾದೆ ಅನಿಸಿತ್ತು. ವಾಡಿಯ ಬಾಸುಂದಿಯ ವಿಚಾರ ಮನೆಯಲ್ಲಿ ಹೇಳಲಿಲ್ಲ.

ಭಾರತ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಹೊರಟೆವು. ಕುಡಚಿಯ ಸೇತುವೆಯ ಮೇಲೆ ನಸುಕಿನ ಮಂಜು. 2005, 2019, 2021ರಲ್ಲಿ ಇದೇ ಕೃಷ್ಣೆ ಎರಡೂ ದಂಡೆ ಬಿಟ್ಟು ಹೊಲಕ್ಕೆ ಬಂದದ್ದು ನೆನಪಿದ್ದವರಿಗೆ, ಮಾಘದಲ್ಲಿ ಹೀಗೆ ಮೆತ್ತಗೆ ಹರಿಯುವ ನೀರಿನ ಮೇಲೆ ಪೂರ್ತಿ ನಂಬಿಕೆ ಬರುವುದಿಲ್ಲ. ಆಚೆ ದಂಡೆ ಮುಟ್ಟುವ ಮೊದಲೇ ಉಗಾರದ ಕಾರ್ಖಾನೆಯ ವಾಸನೆ. 1939ರಲ್ಲಿ ಹುಟ್ಟಿದ ಕಾರ್ಖಾನೆ. ಬೆಲ್ಲ, ಹೊಗೆ, ಹುಳಿತ ಮಳ್ಳಿ ಸೇರಿದ ಆ ವಾಸನೆಗೆ ಕಾಳ್ಯಾ ಕಿಟಕಿಯಿಂದ ಮೂಗು ಹೊರಗೆ ಹಾಕಿ ಕಣ್ಣು ಮುಚ್ಚಿದ.

ಮಂಗಸೂಳಿಯಲ್ಲಿ ನಾಯಿಗಳನ್ನು ಗಿಡಕ್ಕೆ ಕಟ್ಟಿ ಒಳಗೆ ಹೋಗಿ ಬಂದೆ. ಬಂದು ನೋಡಿದರೆ ಎರಡರ ಹಣೆಯೂ ಹಳದಿ. ರುಮಾಲು ಸುತ್ತಿದ ಅಜ್ಜನೊಬ್ಬ ಭಂಡಾರದ ಚೀಲ ಹಿಡಿದು ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಚಿಗರಿ ಹೊಸಬರಿಗೆ ಮೈ ಕೊಡುವವಳಲ್ಲ, ಅಂದು ಸುಮ್ಮನಿದ್ದಳು. ನಾನೂ ಹಣೆ ಚಾಚಿದೆ. "ತಡೀರಿ, ಕರೇನಾಯಿ ಕಿವಿಗಷ್ಟ ಹಚ್ಚತೀನಿ" ಎಂದು ನನ್ನನ್ನು ಕಾಯಿಸಿದ.

ಕಷ್ಟ ಶುರುವಾದದ್ದು ಸಂಜೆಗೆ. ಶೇಡಬಾಳದ ದಾರಿಯಲ್ಲಿ ಬಾವಿಯ ದಡದ ಬೇವಿನ ಗಿಡದ ಕೆಳಗೆ, ಹೊಲದವರನ್ನು ಕೇಳಿ ಗಾಡಿ ನಿಲ್ಲಿಸಿದೆ. ಜಾರುವ ಬಾಗಿಲು ತೆಗೆದದ್ದೇ ತಪ್ಪಾಯಿತು. ಮೊಲವೋ ಮುಂಗುಸಿಯೋ, ನನಗಂತೂ ಕಾಣಲಿಲ್ಲ. ಚಿಗರಿ ಒಂದು ಗೆರೆಯಂತೆ ಹಾದು ಕಬ್ಬಿನೊಳಗೆ ಹೊಕ್ಕಳು. ಮುಧೋಳ ನಾಯಿ ಬೇಟೆಯಾಡುವುದು ಕಣ್ಣಿನಿಂದ. ಬಯಲಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆಳೆತ್ತರದ ಕಬ್ಬಿನಲ್ಲಿ ಅದು ಕಣ್ಣು ಕಟ್ಟಿ ಬಿಟ್ಟ ಮಗು. ರವದಿ ಅಂಚಿನಿಂದ ಮುಖ, ಕೈ ಕೊಯ್ಯಿಸಿಕೊಂಡು ಒಂದು ತಾಸು ಕೂಗಿದೆ. ಕತ್ತಲಾಯಿತು. ಕಡೆಗೆ ಕಾಳ್ಯಾನ ಸರಪಳಿ ಬಿಚ್ಚಿದೆ. ಅವನು ಅವಸರ ಮಾಡಲಿಲ್ಲ. ನೆಲ ಮೂಸುತ್ತ, ಒಂದೆರಡು ಕಡೆ ಕಾಲೆತ್ತಿ, ಸರಕಾರಿ ಸರ್ವೇಯರನ ಹಾಗೆ ಒಳಗೆ ಹೋದ. ಕಾಲು ತಾಸಿಗೆ ಇಬ್ಬರೂ ಹೊರಬಂದರು. ಚಿಗರಿಯ ಮೂಗಿನ ಮೇಲೆ ಗೀರು, ಕಣ್ಣಿನಲ್ಲಿ ರಾಜಮನೆತನದ ಅವಮಾನ.

ನಾನು ಗೀರಿಗೆ ಅರಿಶಿನ ಹಚ್ಚುತ್ತಿದ್ದಾಗ ಕಾಳ್ಯಾ ತನ್ನ ಕೆಲಸದ ಪಗಾರ ತಾನೇ ತೆಗೆದುಕೊಂಡ. ಬುಟ್ಟಿಯಲ್ಲಿದ್ದ ರೊಟ್ಟಿ ಅಷ್ಟೂ ಖಾಲಿ. ಶೇಂಗಾ ಚಟ್ನಿಯ ಡಬ್ಬಿ ಮುಟ್ಟಿರಲಿಲ್ಲ, ಖಾರ ಆಗದು. ಆ ರಾತ್ರಿ ನಾನು ಚಟ್ನಿ ಮತ್ತು ಉಳ್ಳಾಗಡ್ಡಿ ತಿಂದು, ಎರಡು ನಾಯಿಗಳ ನಡುವೆ ಕೌದಿ ಹೊದ್ದು ಮಲಗಿದೆ. ಬಾವಿಯ ಪಂಪು ರಾತ್ರಿ ಕರೆಂಟು ಬಂದಾಗ ತಾನೇ ಚಾಲೂ ಆಯಿತು. ದೂರದಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಹಾಡು ಹತ್ತಿರವಾಗಿ ದೂರವಾಗುತ್ತಿತ್ತು. ಕಾಳ್ಯಾನ ಹೊಟ್ಟೆ ಗುಡುಗುಡು. ಇದಕ್ಕಿಂತ ಸುಖದ ನಿದ್ದೆ ನನಗೆ ಮನೆಯ ಮಂಚದಲ್ಲಿ ಬಂದದ್ದಿಲ್ಲ. ಯಾಕೆ ಅಂತ ಕೇಳಿದರೆ ಹೇಳಲಾರೆ.

ಮರುದಿನ ಕಾಗವಾಡ ದಾಟಿ ಗಣೇಶವಾಡಿಯ ದಾರಿ ಹಿಡಿದಿದ್ದೆ. ಗೇರು ಬದಲಿಸಲು ಕ್ಲಚ್ ಒತ್ತಿದರೆ ಟಪ್ ಎಂದಿತು. ಪೆಡಲು ನೆಲಕ್ಕೆ ಅಂಟಿ ಮೇಲೆ ಬರಲೇ ಇಲ್ಲ. ಕ್ಲಚ್ ವೈರು ಕಡಿದಿತ್ತು. ಕೈ ಅಡ್ಡ ಹಿಡಿದರೆ ಕಬ್ಬಿನ ಟ್ರ್ಯಾಕ್ಟರುಗಳು ನಿಲ್ಲಲಿಲ್ಲ. ಅಷ್ಟು ಹೇರಿಕೊಂಡವರು ನಿಲ್ಲುವುದು ಹೇಗೆ? ಹೊತ್ತು ಏರಿತು. ಆಗ ಎದುರಿನಿಂದ ಗಂಟೆಯ ಸದ್ದು. ಒಂದರ ಹಿಂದೆ ಒಂದು ಒಂಬತ್ತು ಬಂಡಿ, ಕಮಾನಿಗೆ ತಾಡಪತ್ರಿ ಕಟ್ಟಿದ ಸವಾರಿ ಬಂಡಿ. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟವರು. ಭಾರತ ಹುಣ್ಣಿಮೆಗೆ ಕೊಲ್ಲಾಪುರ, ಸಾಂಗ್ಲಿ, ಸಾತಾರಾ ಕಡೆಯಿಂದ ಹೀಗೆ ಬಂಡಿಗಳು ಬರುವುದನ್ನು ಹುಡುಗನಿದ್ದಾಗಿನಿಂದ ಕುಡಚಿಯ ರಸ್ತೆಯಲ್ಲಿ ನಿಂತು ನೋಡಿದ್ದೇನೆ. ಬದಿಗೆ ನಿಂತು ನೋಡಿದ್ದು ಬೇರೆ, ಅವರ ಎದುರು ಕೆಟ್ಟು ನಿಂತದ್ದು ಬೇರೆ.

ಹತ್ತಿರದಿಂದ ನೋಡಿದೆ. ಕಮಾನಿನ ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ. ಒಂದು ಬದಿಗೆ ನೀರಿನ ಕೊಡ, ಇನ್ನೊಂದು ಬದಿಗೆ ರೊಟ್ಟಿಯ ಗಂಟು. ಹಿಂದೆ ಕಟ್ಟಿಗೆ ಮತ್ತು ಮಡಚಿದ ರಾವುಟಿ, ಕೆಳಗೆ ಅಚ್ಚಿಗೆ ತೂಗುಬಿಟ್ಟ ಕಂದೀಲು. ಕಂದೀಲಿನ ಪಕ್ಕ ನಾಯಿ. ಮಾಮಾ ಮಾಡಿಕೊಟ್ಟ ಮೂರು ಖಾನೆಗಳ ಹೆಮ್ಮೆ ಅಲ್ಲಿಯೇ ಇಳಿಯಿತು.

ಮೊದಲ ಬಂಡಿಯ ಅಜ್ಜಿ ವ್ಯಾನಿನೊಳಗೆ ಇಣುಕಿದಳು. ಅರ್ಧ ಕನ್ನಡ ಅರ್ಧ ಮರಾಠಿಯ ನಮ್ಮ ಗಡಿಯ ಮಾತಿನಲ್ಲಿ, "ಮನೀನ ಸಂಗಾಟ ತಂದೀದಿ, ಮತ್ಯಾಕ ಗಡಬಡ ತಮ್ಮಾ?" ಅಂದಳು. ನಾಯಿಗಳ ಖಾಲಿ ಬಟ್ಟಲು ನೋಡಿ ನನ್ನನ್ನು ಬಯ್ದಳು, ತನ್ನ ಕೊಡದ ನೀರು ಹೊಯ್ದಳು. ನನಗೆ ಒಂದೂವರೆ ರೊಟ್ಟಿ, ಝುಣಕ ಸಿಕ್ಕಿತು. ಅವಳ ಮಗ ಹಗ್ಗ ತಂದು ವ್ಯಾನನ್ನು ಬಂಡಿಯ ಹಿಂದೆ ಬಿಗಿದ. "ನೀವ ಬರೇ ಸ್ಟೇರಿಂಗ್ ಹಿಡೀರಿ. ಇಳಕಲಾಗ ಬ್ರೇಕ ಒತ್ತರಿ, ನಮ್ಮ ಬಂಡೀಗಿ ಹಾಯಬ್ಯಾಡ್ರಿ."

ಹಾಗೆ ನಾನು ಬಂದ ದಾರಿಯಲ್ಲೇ ಕಾಗವಾಡಕ್ಕೆ ಮರಳಿದೆ, ತಾಸಿಗೆ 4 ಕಿಲೋಮೀಟರಿನ ವೇಗದಲ್ಲಿ. ಎಂಜಿನ್ನಿನ ಸದ್ದಿಲ್ಲ. ಎತ್ತಿನ ಗೆಜ್ಜೆಸರ, ಚಕ್ರದ ಕಿರುಗುಟ್ಟು, ಗಾಡಿಯವನ ಹೋಯ್ ಹೋಯ್. ಚಿಗರಿ ಸೀಟಿನಲ್ಲಿ ಪಟ್ಟದರಾಣಿಯಂತೆ ಕೂತಿದ್ದಳು. ಕಾಳ್ಯಾ ಕಿಟಕಿಯಿಂದ ಹಾರಿ ಮುಂದಿನ ಬಂಡಿಯ ಕೆಳಗೆ, ಆ ಮನೆಯ ನಾಯಿಯ ಪಕ್ಕ ಹೆಜ್ಜೆ ಹಾಕುತ್ತಿದ್ದ. ಎರಡೂ ನಾಯಿ ಬಂಡಿ ಎಳೆಯುತ್ತಿದ್ದವು. ಹಿಂದೆ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಮೈ ಬಾಗಿಸುತ್ತ, ನಾನೂ ಎಳೆಯುತ್ತಿದ್ದೆ.

ಕಾಗವಾಡದ ಮೆಕ್ಯಾನಿಕ್ ಹುಡುಗ ಹಗ್ಗ ನೋಡಿ ನಕ್ಕ. "ಕ್ಲಚ್ ಬೇಕಾಗಿರಲಿಲ್ರಿ ಕಾಕಾ. ಒಂದನೇ ಗೇರಿಗಿ ಹಾಕಿ ಚಾವಿ ಕೊಟ್ಟಿದ್ರ ಹಂಗ ಎದ್ದ ಬರತಿತ್ತು." ಅಜ್ಜಿಗೆ ಇದು ಕೇಳಿಸದಿರಲಿ ಎಂದು ಆ ಕಡೆ ನೋಡಿದೆ. ಅವಳು ಆಗಲೇ ಎತ್ತುಗಳ ಬೆನ್ನು ಸವರುತ್ತ, ಮಾಯಕ್ಕನ ಹೆಸರಿನಲ್ಲಿ ಚಾಂಗಭಲೋ ಹೇಳುತ್ತಿದ್ದಳು.

ಅರ್ಧ ತಾಸಿನಲ್ಲಿ ವೈರು ಕೂಡಿತು. ವಾಡಿ ಪಶ್ಚಿಮಕ್ಕೆ, ಬಂಡಿಗಳು ಹೊರಟದ್ದು ನಮ್ಮೂರಿನ ಕಡೆಗೆ. ನಾನು ಓಮ್ನಿಯನ್ನು ಒಂಬತ್ತನೆಯ ಬಂಡಿಯ ಹಿಂದೆ ಹಚ್ಚಿದೆ. ಒಂದನೇ ಗೇರಿನಲ್ಲೇ ಹೋಗಿ ಎಂಜಿನ್ನು ಎರಡು ಸಲ ಕುದಿಯಿತು. ಎರಡೂ ಸಲ ಯಾರದೋ ಕೊಡದ ನೀರು. ಉಗಾರದ ಹತ್ತಿರ ಒಂದು ರಾತ್ರಿ ಅವರ ರಾವುಟಿಗಳ ನಡುವೆ ನಿಂತು, ಕುಡಚಿ ಸೇತುವೆ ದಾಟಿ, ನಮ್ಮ ಮನೆಯ ಓಣಿಯನ್ನು ಬದಿಗೆ ಬಿಟ್ಟು ಚಿಂಚಲಿಯವರೆಗೆ ಹೋಗಿಬಂದೆವು. ಬಾಸುಂದಿ ಹಾಗೆಯೇ ಉಳಿದಿದೆ.

ಮಾಘದಲ್ಲಿ ಮಿರಜ, ಕಾಗವಾಡ, ಉಗಾರದ ದಾರಿಯಲ್ಲಿ ಗಾಡಿ ಓಡಿಸುವವರಿಗೆ ಒಂದು ಮಾತು. ಸವಾರಿ ಬಂಡಿ ಎದುರಾದರೆ ಹಾರ್ನ್ ಒತ್ತಬೇಡಿ, ಎತ್ತು ಬೆದರುತ್ತವೆ. ಹಿಂದಿನಿಂದ ಬಂದರೆ ಬಂಡಿಗೆ ಒತ್ತಿ ಹಾಯಬೇಡಿ. ಕೆಳಗೆ ನಾಯಿ ಇರುತ್ತದೆ, ನಿಮ್ಮ ಸೀಟಿನಿಂದ ಕಾಣುವುದಿಲ್ಲ.