ಕತ್ತರಿಸಿ ಬಿಟ್ಟ ಅಂಚು

ಕೋಟಿಗಟ್ಟಲೆ ಬೆಲೆಯ ಸೂಪರ್‌ ರೆಸಲ್ಯೂಶನ್ ಮೈಕ್ರೋಸ್ಕೋಪಿನ ಮುಂದೆ ಒಂದು ಗಾಜಿನ ಚೂರಿಗೇನು ಲೆಕ್ಕ ಅಂದುಕೊಂಡಿದ್ದೆ. ಪಿಎಚ್‌.ಡಿ. ದಿನಗಳು. ಒಳ್ಳೆಯ ಕವರ್‌ಸ್ಲಿಪ್ (ಕೋಶ ಬೆಳೆಸುವ ತೆಳು ಗಾಜು) ಮುಗಿದಿತ್ತು. ಹೊಸದು ತರಿಸಬೇಕೆಂದರೆ ಕೊಟೇಶನ್, ಸಹಿ, ಕಾಯುವಿಕೆ. ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಲ್ಯಾಬಿನ ಕಪಾಟಿನಿಂದ ಒಂದು ಡಬ್ಬಿ ಕವರ್‌ಸ್ಲಿಪ್ ಎತ್ತಿಕೊಂಡು ಬಂದು, ಒಂದನ್ನು ಎಥನಾಲ್‌ನಲ್ಲಿ ಅದ್ದಿ, ಟಿಶ್ಯೂ ಕಾಗದದಲ್ಲಿ ಒರೆಸಿ, ಅದರ ಮೇಲೆಯೇ ಜೀವಕೋಶ ಬೆಳೆಸಿದೆ.

ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಮಾಮೂಲಿ ಬೆಳಕಿನ ಸೂಕ್ಷ್ಮದರ್ಶಕ ಬೇರೆ ಮಾಡಿ ತೋರಿಸಲಾರದು. ಅರ್ನ್ಸ್ಟ್ ಅಬ್ಬೆ 1873ರಲ್ಲೇ ಈ ಮಿತಿಯನ್ನು ವಿವರಿಸಿದ್ದರು. ನಾನು ಬಳಸುತ್ತಿದ್ದ ಸ್ಟಾರ್ಮ್ ವಿಧಾನ ಅದನ್ನು ಜಾಣತನದಿಂದ ದಾಟುತ್ತದೆ: ಬಣ್ಣದ ಅಣುಗಳಲ್ಲಿ ಒಂದು ಸಲಕ್ಕೆ ಕೆಲವು ಮಾತ್ರ ಮಿನುಗುತ್ತವೆ, ಪ್ರತಿ ಮಿನುಗಿನ ನಡುಬಿಂದುವನ್ನು ಕಂಪ್ಯೂಟರ್ 20 ನ್ಯಾನೊಮೀಟರಿನ ಆಸುಪಾಸಿನ ನಿಖರತೆಯಲ್ಲಿ ಹಿಡಿಯುತ್ತದೆ, ಸಾವಿರಾರು ಫ್ರೇಮ್ ಸೇರಿ ಒಂದು ಚಿತ್ರ.

ನನ್ನ ಚಿತ್ರದಲ್ಲಿ ಕೋಶದ ಪೊರೆಯ ಪ್ರೋಟೀನು ಗುಂಪು ಗುಂಪಾಗಿ ಕಂಡಿತು. ಕುಣಿದಾಡುವುದೊಂದು ಬಾಕಿ. ಲ್ಯಾಬ್ ಮೀಟಿಂಗಿನಲ್ಲಿ ತೋರಿಸಿದಾಗ ಗೈಡ್ ಮೇಡಂ ಕೇಳಿದ್ದು ಒಂದೇ: "ಕೋಶ ಇಲ್ಲದ ಕಡೆ ಏನು ಕಾಣ್ತು?"

ಆ ಭಾಗವನ್ನು ನಾನು ಕತ್ತರಿಸಿ ಬಿಟ್ಟಿದ್ದೆ. ಗೊತ್ತಿಲ್ಲದೆ ಮಾಡಿದ್ದಲ್ಲ. ಅಲ್ಲೂ ಚುಕ್ಕೆಗಳಿದ್ದವು, 'ಬ್ಯಾಕ್‌ಗ್ರೌಂಡ್' ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಪೂರ್ತಿ ಫೈಲು ತೆರೆದರೆ ಬರಿಯ ಗಾಜಿನ ಮೇಲೂ ಅದೇ ಗುಂಪುಗಳು. ಪ್ರೋಟೀನನ್ನು ಗುರುತಿಸಲು ಹಾಕಿದ್ದ, ಬಣ್ಣ ಹೊತ್ತ ಆಂಟಿಬಾಡಿ ಗಾಜಿನ ಮೇಲಿನ ಜಿಡ್ಡಿಗೂ ಅಂಟಿತ್ತು. ಒಂದೇ ಅಣು ಹತ್ತಾರು ಸಲ ಮಿನುಗುತ್ತದೆ, ಪ್ರತಿ ಸಲವೂ ಅದರ ಜಾಗದ ಲೆಕ್ಕ ಕೂದಲೆಳೆಯಷ್ಟು ಆಚೀಚೆ ಬೀಳುತ್ತದೆ. ಹೀಗೆ ಒಂಟಿ ಆಂಟಿಬಾಡಿಯೇ ಗುಂಪಿನ ವೇಷ ಹಾಕಿತ್ತು.

ಆಮೇಲೆ ಗಾಜು ತೊಳೆಯುವುದನ್ನು ಕಲಿತೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೋನಿಕೇಟರಿನಲ್ಲಿ ಅಲುಗಾಡಿಸಿ, ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಬೇಕು. ಅಂಚು ಮಾತ್ರ ಚಿಮಟಕ್ಕೆ ತಾಗಬೇಕು. ಎತ್ತಿ ಓರೆ ಹಿಡಿದಾಗ ನೀರು ಒಂದೇ ಪದರವಾಗಿ ಜಾರಿದರೆ ಸರಿ. ಎಣ್ಣೆಗೈ ತಾಗಿದ ಲೋಟದ ಮೇಲಿನಂತೆ ಹನಿಹನಿಯಾಗಿ ನಿಂತರೆ ಮತ್ತೆ ಮೊದಲಿನಿಂದ.

ಡಬ್ಬಿಯ ಮೇಲಿನ ನಂಬರನ್ನೂ ಆಗಲೇ ಓದಿದ್ದು. ಅದು ನಂಬರ್ 1, ದಪ್ಪ 0.13ರಿಂದ 0.16 ಮಿಲಿಮೀಟರ್. ಲೆನ್ಸಿನ ಮೈಮೇಲೆ 0.17 ಎಂದು ಕೆತ್ತಿದ್ದು ದಿನಾ ಕಣ್ಣಿಗೆ ಬೀಳುತ್ತಿತ್ತು! ಅದಕ್ಕೆ ಬೇಕಾದದ್ದು ನಂಬರ್ 1.5. ಎಣ್ಣೆ ಹಾಕುವ ಲೆನ್ಸು ಈ ವ್ಯತ್ಯಾಸವನ್ನು ಸ್ವಲ್ಪ ಸಹಿಸುತ್ತದೆ, ಏಕೆಂದರೆ ಗಾಜೂ ಎಣ್ಣೆಯೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಥರ ಬಾಗಿಸುತ್ತವೆ. ನೀರಿನ ಲೆನ್ಸಾಗಿದ್ದರೆ ಚಿತ್ರವೇ ಕಲಸಿಹೋಗುತ್ತಿತ್ತು. ಅಲ್ಲಿ ನಾನು ಬಚಾವಾದದ್ದು ಅದೃಷ್ಟದಿಂದ.

ಶುದ್ಧ ಗಾಜಿನ ಮೇಲೆ ಮತ್ತೆ ಮಾಡಿದಾಗ ಹೆಚ್ಚಿನ ಗುಂಪುಗಳು ಮಾಯವಾದವು. ಸಮ್ಮೇಳನಕ್ಕೆ ಕಳಿಸಿದ್ದ ಸಾರಾಂಶವನ್ನು ವಾಪಸು ಪಡೆಯುವ ಇಮೇಲನ್ನು ನಾನೇ ಬರೆಯಬೇಕಾಯಿತು. ನಾನು ಬರೆದದ್ದನ್ನೆಲ್ಲ ಕೆಂಪು ಮಾಡುವ ಮೇಡಂ ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.